ಸ್ವಯಂಭು ಬೆಟ್ಟ ಹತ್ತುವ ಮುನ್ನ

ಕಠ್ಮಂಡುವಿಗೆ ಹೋದ ನಮ್ಮ ಕಡೆಯ ಯಾತ್ರಿಕರು ಪಶುಪತಿನಾಥನ ದರ್ಶನ ಮುಗಿಸಿ, ಮುಕ್ತಿನಾಥಕ್ಕೆ ಹೊರಡುವ ಮೊದಲು ಸ್ವಯಂಭುನಾಥಕ್ಕೆ ಅಂತ ಅರ್ಧ ದಿನ ಇಟ್ಟುಕೊಂಡಿರುತ್ತಾರೆ. ಊರಿನ ಪಶ್ಚಿಮಕ್ಕೆ ಒಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಬಿಳಿ ಗುಮ್ಮಟ, ಅದರ ಮೇಲೆ ಚಿನ್ನದ ಶಿಖರ, ನಡುವೆ ಊರನ್ನೇ ನೋಡುತ್ತಿರುವ ಎರಡು ಕಣ್ಣು. ಬಸ್ಸಿನಿಂದ ಇಳಿದ ಕೂಡಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇದು ನಮ್ಮ ದೇವಸ್ಥಾನಾನಾ, ಬೌದ್ಧರದ್ದಾ?"

"ಎರಡೂ" ಎನ್ನುತ್ತಾರೆ ಗೈಡ್‌ಗಳು. ಅದು ಸುಳ್ಳಲ್ಲ. ಆದರೆ ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಎರಡು ಧರ್ಮ ಬೆರೆತುಹೋಗಿವೆಯಾ? ಒಂದು ಇನ್ನೊಂದರ ಜಾಗ ಹಿಡಿಯಿತಾ? ಅಥವಾ ಸುಮ್ನೆ ಅಕ್ಕಪಕ್ಕ ಇವೆಯಾ? ನಾನು ಮೊದಲ ಸಲ ಹೋದಾಗ ಫೋಟೊ ತೆಗೆದು, ಮಂಗಗಳಿಂದ ಚೀಲ ಉಳಿಸಿಕೊಂಡು ಕೆಳಗಿಳಿದಿದ್ದೆ. ಎರಡನೇ ಸಲ ಸ್ವಲ್ಪ ಓದಿಕೊಂಡು, ನಿಧಾನವಾಗಿ, ಬೆಳಗಿನ ಜಾವ ಹತ್ತಿದೆ. ಆಗ ಗೊತ್ತಾಯಿತು, ಕೇಳಬೇಕಾದ ಪ್ರಶ್ನೆ "ಯಾರದು" ಎಂಬುದಲ್ಲ. ಇಲ್ಲಿ ಯಾರು ಏನು ಮಾಡುತ್ತಾರೆ, ತಾವು ಮಾಡುವುದನ್ನು ಏನೆಂದು ಕರೆಯುತ್ತಾರೆ ಎಂದು ನೋಡಬೇಕು. ಹಾಗೆ ನೋಡಿದರೆ ಬೆಟ್ಟ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ಸ್ವಯಂಭು ಅಂದರೆ ನಮಗೆ ಉದ್ಭವ ಲಿಂಗ. ಯಾರೂ ಕೆತ್ತದೆ, ಯಾರೂ ಪ್ರತಿಷ್ಠೆ ಮಾಡದೆ ನೆಲದಿಂದ ತಾನೇ ಎದ್ದ ದೇವರು. ಇಲ್ಲಿ ತಾನೇ ಎದ್ದದ್ದು ಕಲ್ಲಲ್ಲ, ಬೆಳಕು. ಆ ಕಥೆ ಸ್ವಯಂಭು ಪುರಾಣ ಎಂಬ ಬೌದ್ಧ ಗ್ರಂಥದಲ್ಲಿದೆ. ಕಠ್ಮಂಡು ಕಣಿವೆ ಒಂದು ಕಾಲಕ್ಕೆ ನಾಗರು ತುಂಬಿದ್ದ ದೊಡ್ಡ ಸರೋವರ. ಬಹಳ ಹಿಂದಿನ ವಿಪಶ್ಯಿ ಎಂಬ ಬುದ್ಧ ಅದರಲ್ಲಿ ಒಂದು ತಾವರೆ ಬೀಜ ಹಾಕಿದ. ತಾವರೆ ಅರಳಿತು, ಅದರ ಮೇಲೆ ತಾನಾಗಿಯೇ ಒಂದು ಜ್ಯೋತಿ ಹೊತ್ತಿಕೊಂಡಿತು. ಆ ಜ್ಯೋತಿಯೇ ಸ್ವಯಂಭು. ಮಹಾಚೀನದಿಂದ ಬಂದ ಮಂಜುಶ್ರೀ ಎಂಬ ಬೋಧಿಸತ್ವ, ಅಂದರೆ ಬುದ್ಧನಾಗುವ ದಾರಿಯಲ್ಲಿರುವವನು, ಅದನ್ನು ನೋಡಿದ. ಎಲ್ಲರೂ ಹತ್ತಿರ ಹೋಗಿ ನೋಡುವಂತಾಗಲಿ ಎಂದು ದಕ್ಷಿಣದ ಬೆಟ್ಟವನ್ನು ಖಡ್ಗದಿಂದ ಸೀಳಿ ನೀರು ಹರಿಸಿಬಿಟ್ಟ. ಸೀಳಿದ ಜಾಗ ಚೋಭಾರ್ ಕಂದರ. ಇವತ್ತಿಗೂ ಕಣಿವೆಯ ನೀರೆಲ್ಲ ಬಾಗ್ಮತಿ ನದಿಯಾಗಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ನೀರು ಇಳಿದ ಮೇಲೆ ತಾವರೆ ನಿಂತ ಜಾಗ ಬೆಟ್ಟವಾಯಿತು.

ಭೂವಿಜ್ಞಾನಿಗಳೂ ಇಲ್ಲಿ ಸರೋವರ ಇತ್ತು ಎನ್ನುತ್ತಾರೆ. ಕಣಿವೆಯ ನೆಲ ಅಗೆದರೆ ಸಿಗುವ ದಪ್ಪ ಕಪ್ಪು ಜೇಡಿ ಆ ಸರೋವರದ ತಳದ್ದು. ಅದಕ್ಕೆ ಕಾಲಿಮಾಟಿ ಎಂದು ಹೆಸರು. ಊರಿನ ದೊಡ್ಡ ತರಕಾರಿ ಮಾರುಕಟ್ಟೆ ಇರುವ ಬಡಾವಣೆಗೂ ಅದೇ ಹೆಸರು. ಕಥೆ ಕಟ್ಟಿದವರು ನೆಲ ನೋಡಿಯೇ ಕಟ್ಟಿದ್ದಾರೆ ಅನ್ನಿಸುತ್ತದೆ, ಅಲ್ವಾ?

ಇನ್ನು ಕಲಿಯುಗದಲ್ಲಿ ಜನ ಈ ಜ್ಯೋತಿಯ ಮೇಲಿನ ರತ್ನ ಕದಿಯಬಹುದು, ಆ ಬೆಳಕನ್ನು ತಾಳಲೂ ಆರರು ಎಂದು ಶಾಂತಿಕರಾಚಾರ್ಯ ಎಂಬ ಗುರು ಅದನ್ನು ಕಲ್ಲು ಮುಚ್ಚಿ, ಮೇಲೆ ಸ್ತೂಪ ಕಟ್ಟಿದನಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮೇಲೆ ಹತ್ತಿದಾಗ ನಮ್ಮವರಿಗೆ ಆಗುವ ಮೊದಲ ಗೊಂದಲಕ್ಕೆ ಉತ್ತರ ಇಲ್ಲಿದೆ.

ಪುರಾಣ ಬಿಟ್ಟು ದಾಖಲೆಗೆ ಬಂದರೆ, ಸ್ತೂಪ ಕಟ್ಟಿಸಿದವನು ಆಗ ಕಣಿವೆ ಆಳುತ್ತಿದ್ದ ಲಿಚ್ಛವಿ ವಂಶದ ರಾಜ ವೃಷದೇವ ಎಂದು ನೇಪಾಳದ ಹಳೆಯ ವಂಶಾವಳಿ ಹೇಳುತ್ತದೆ. ಕ್ರಿ.ಶ. 464ರಲ್ಲಿ ಚಾಂಗು ನಾರಾಯಣ ದೇವಸ್ಥಾನದಲ್ಲಿ ಶಾಸನ ಹಾಕಿಸಿದ ಮಾನದೇವನಿಗೆ ಈ ವೃಷದೇವ ಮುತ್ತಜ್ಜ. ಅಲ್ಲಿಗೆ ಸ್ತೂಪಕ್ಕೆ ಒಂದೂವರೆ ಸಾವಿರ ವರ್ಷ ದಾಟಿತು. ನನಗೆ ಇದಕ್ಕಿಂತ ಇಷ್ಟವಾದ ಸಾಕ್ಷಿ ಇನ್ನೊಂದಿದೆ. ಎಂಟನೇ ಶತಮಾನದ ರಾಜ ಜಯದೇವ ಪಶುಪತಿನಾಥನ ಅಂಗಳದಲ್ಲಿ ಒಂದು ಶಾಸನ ನಿಲ್ಲಿಸಿದ. ಅದರಲ್ಲಿ ತನ್ನ ಪೂರ್ವಿಕ ವೃಷದೇವನನ್ನು ಹೊಗಳುತ್ತಾ, ಆತ ಸುಗತನ ಶಾಸನದ ಪಕ್ಷಪಾತಿ ಎಂದು ಬರೆಸಿದ್ದಾನೆ. ಸುಗತ ಅಂದರೆ ಬುದ್ಧ, ಅವನ ಶಾಸನ ಅಂದರೆ ಅವನ ಬೋಧನೆ. ಶಿವನ ಅಂಗಳದಲ್ಲಿ ನಿಂತು, ನಮ್ಮ ಮುತ್ತಾತ ಬುದ್ಧನ ಕಡೆಯವನು ಎಂದು ಹೆಮ್ಮೆಯಿಂದ ಹೇಳಿಕೊಂಡ ಶಾಸನ ಅದು.

1349ರಲ್ಲಿ ಬಂಗಾಳದ ಸುಲ್ತಾನ ಶಂಸುದ್ದೀನ್ ಇಲಿಯಾಸ್ ಕಣಿವೆಗೆ ನುಗ್ಗಿ ಸ್ವಯಂಭುವನ್ನೂ ಪಶುಪತಿಯನ್ನೂ ಒಡೆದ. ಸ್ವಯಂಭುವನ್ನು ಮತ್ತೆ ಕಟ್ಟಿದ್ದು 1372ರ ಶಾಸನದಲ್ಲಿದೆ. ಆಮೇಲೂ ಸಿಡಿಲು, ಭೂಕಂಪ, ಹಾಳುಬಿದ್ದ ಮರ ಅಂತ ಎಷ್ಟೋ ಸಲ ರಿಪೇರಿ ನಡೆದಿದೆ. ಸ್ತೂಪದ ನಡುವೆ ಒಂದು ಭಾರಿ ಮರದ ಕಂಬ ಇರುತ್ತದೆ, ಯಷ್ಟಿ ಎನ್ನುತ್ತಾರೆ. ನಮ್ಮ ದೇವಸ್ಥಾನದ ಧ್ವಜಸ್ತಂಭದಷ್ಟೇ ಅದಕ್ಕೂ ಮರ್ಯಾದೆ. ಅದು ಕೊಳೆತಾಗ ಕಾಡಿನಿಂದ ಹೊಸ ಮರ ಎಳೆದು ತರಬೇಕು, ಶಿಖರ ಇಳಿಸಬೇಕು, ಮತ್ತೆ ಏರಿಸಬೇಕು. ಇದಕ್ಕೆ ಟಿಬೆಟ್‌ನ ಲಾಮಾಗಳು ಶತಮಾನಗಳಿಂದ ಹಣ, ಚಿನ್ನ, ಜನ ಕಳಿಸಿದ್ದಾರೆ. 2008ರಿಂದ 2010ರವರೆಗೆ ನಡೆದ ಕೆಲಸಕ್ಕೆ ಕ್ಯಾಲಿಫೋರ್ನಿಯಾದ ಟಿಬೆಟನ್ ಬೌದ್ಧ ಸಂಸ್ಥೆಯೊಂದು ಹಣ ಕೊಟ್ಟಿತು. ಶಿಖರಕ್ಕೆ ಹಿಡಿದದ್ದು ಸುಮಾರು 20 ಕಿಲೋ ಚಿನ್ನ. ಐದು ವರ್ಷಕ್ಕೆ, 2015ರ ಏಪ್ರಿಲ್ 25ರಂದು ಭೂಮಿ ನಡುಗಿತು. ಪಕ್ಕದ ಅನಂತಪುರ ಎಂಬ ಶಿಖರದ ಗುಡಿ ಕುಸಿದುಬಿತ್ತು. ಸ್ತೂಪ ಉಳಿಯಿತು.

ಈಗ ಹತ್ತೋಣ. ಪಶ್ಚಿಮದಲ್ಲಿ ಕಾರು ಹೋಗುವ ದಾರಿ ಇದೆ. ಮೊಣಕಾಲು ನೋವಿರುವ ಅಮ್ಮ, ಅಜ್ಜಿ ಜೊತೆಗಿದ್ದರೆ ಅದೇ ಸರಿ. ಕೈಲಾದವರು ಪೂರ್ವದ ಮೆಟ್ಟಿಲಲ್ಲೇ ಹತ್ತಬೇಕು ಎಂದು ನನ್ನ ಆಸೆ. ಮೆಟ್ಟಿಲು 365 ಎಂದು ಹೇಳುವುದು ರೂಢಿ. ಹದಿನೇಳನೇ ಶತಮಾನದಲ್ಲಿ ಕಠ್ಮಂಡು ಆಳಿದ ಪ್ರತಾಪ ಮಲ್ಲ ಕಟ್ಟಿಸಿದ್ದು. ಕೊನೆಯ ಭಾಗ ಏಣಿಯಷ್ಟು ಕಡಿದು, ಮೆಟ್ಟಿಲೂ ಕಿರಿದು. ಎದುರಿಗೆ ಆಕಾಶ ಮಾತ್ರ ಕಾಣುತ್ತದೆ. ಕೊನೆಯ ಮೆಟ್ಟಿಲು ಹತ್ತಿದಾಗ ಮುಖಕ್ಕೆ ಮುಖ ಕೊಟ್ಟಂತೆ ಒಂದು ದೊಡ್ಡ ವಜ್ರ ಸಿಗುತ್ತದೆ. ಇದು ಹರಳಿನ ವಜ್ರ ಅಲ್ಲ, ಇಂದ್ರನ ಕೈಯ ಆಯುಧ. ಇಲ್ಲಿ ಅದು ವಜ್ರಯಾನ ಎಂಬ ತಾಂತ್ರಿಕ ಪಂಥದ ಬೌದ್ಧರ ಗುರುತು. ಅದರ ಪೀಠದ ಸುತ್ತ ಟಿಬೆಟನ್ ಪಂಚಾಂಗದ 12 ಪ್ರಾಣಿಗಳ ಕೆತ್ತನೆ. ಇದನ್ನು ಇಡಿಸಿದವನೂ ಪ್ರತಾಪ ಮಲ್ಲನೇ. ತನ್ನ ಕುಲದೇವಿ ತಲೇಜುವಿನ ಭಕ್ತ, ಹಿಂದೂ ರಾಜ. ಇಲ್ಲಿಂದಲೇ ಬೆಟ್ಟದ ಸ್ವಭಾವ ಕಾಣತೊಡಗುತ್ತದೆ.

ನಮ್ಮವರ ಗೊಂದಲ ಅಂದೆನಲ್ಲ, ಅದು ಇಲ್ಲೇ. ಹಣ್ಣು ಕಾಯಿ ಹಿಡಿದು ಬಂದವರು ಸುತ್ತಮುತ್ತ ನೋಡುತ್ತಾರೆ. ಗರ್ಭಗುಡಿ ಎಲ್ಲಿ? ಬಾಗಿಲೆಲ್ಲಿ? ಸ್ತೂಪಕ್ಕೆ ಒಳಗೆ ಹೋಗುವ ದಾರಿ ಇಲ್ಲ. ಅದು ಇಡಿಯಾಗಿ ತುಂಬಿದ ದಿಬ್ಬ. ಆ ಗುಮ್ಮಟವನ್ನೇ ಗರ್ಭ ಎಂದು ಕರೆಯುತ್ತಾರೆ. ಜ್ಯೋತಿಯನ್ನು ಮುಚ್ಚಿಟ್ಟ ಕಥೆ ಸರಿಹೊಂದುವುದು ಇಲ್ಲಿಗೆ. ದೇವರು ಒಳಗಿದ್ದಾನೆ, ಪೂಜೆ ಹೊರಗೆ. ನಾವು ಮಾಡಬೇಕಾದದ್ದು ಪ್ರದಕ್ಷಿಣೆ. ನಮ್ಮ ದೇವಸ್ಥಾನದ ಹಾಗೆಯೇ ಬಲಕ್ಕೆ ಇಟ್ಟುಕೊಂಡು ಸುತ್ತಬೇಕು.

ಸುತ್ತುವಾಗ ಗೂಡುಗಳನ್ನು ಓದುತ್ತಾ ಹೋಗಿ. ಪೂರ್ವಕ್ಕೆ ಅಕ್ಷೋಭ್ಯ, ದಕ್ಷಿಣಕ್ಕೆ ರತ್ನಸಂಭವ, ಪಶ್ಚಿಮಕ್ಕೆ ಅಮಿತಾಭ, ಉತ್ತರಕ್ಕೆ ಅಮೋಘಸಿದ್ಧಿ. ಇವರು ಕಪಿಲವಸ್ತುವಿನಲ್ಲಿ ಬೆಳೆದ ಗೌತಮ ಬುದ್ಧ ಅಲ್ಲ. ಬುದ್ಧತ್ವದ ಐದು ಮುಖಗಳು. ಐದನೆಯವನು ವೈರೋಚನ. ಅವನ ಜಾಗ ನಡುಮಧ್ಯೆ, ಅಂದರೆ ಗುಮ್ಮಟದ ಒಳಗೆ. ಅಲ್ಲಿಟ್ಟರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಅವನನ್ನು ಹೊರಗೆ ತಂದು ಅಕ್ಷೋಭ್ಯನ ಪಕ್ಕದಲ್ಲೇ ಒಂದು ಗೂಡು ಮಾಡಿ ಕೂರಿಸಿದ್ದಾರೆ. ನಾಲ್ಕು ಮೂಲೆಗಳಲ್ಲಿ ಅವರವರ ಶಕ್ತಿದೇವತೆಯರು. ಪ್ರತಿ ಗೂಡಿನ ಕೆಳಗೆ ವಾಹನ ನೋಡಿ: ಅಕ್ಷೋಭ್ಯನಿಗೆ ಆನೆ, ರತ್ನಸಂಭವನಿಗೆ ಕುದುರೆ, ಅಮಿತಾಭನಿಗೆ ನವಿಲು, ವೈರೋಚನನಿಗೆ ಸಿಂಹ. ಅಮೋಘಸಿದ್ಧಿಗೆ ಗರುಡ, ತಲೆಯ ಹಿಂದೆ ನಾಗನ ಹೆಡೆ. ವಿಷ್ಣುವನ್ನು ನೋಡಿ ಬೆಳೆದ ನಮ್ಮ ಕಣ್ಣು ಅಲ್ಲಿ ನಿಂತುಬಿಡುತ್ತದೆ. ಗರುಡ, ನಾಗ, ದಿಕ್ಕು, ವಾಹನ, ಶಕ್ತಿ ಎಲ್ಲ ನಮಗೆ ಗೊತ್ತಿರುವ ಅಕ್ಷರಗಳೇ. ಬರೆದ ವಾಕ್ಯ ಮಾತ್ರ ಬೇರೆ.

ಮೇಲೆ ಚೌಕದ ನಾಲ್ಕೂ ಕಡೆ ಕಣ್ಣು. ಮೂಗಿನ ಜಾಗದಲ್ಲಿರುವ ಸುರುಳಿ ನೇಪಾಳಿಯ ಒಂದು ಎಂಬ ಅಂಕಿ ಎನ್ನುತ್ತಾರೆ. ಅದರ ಮೇಲಿನ 13 ಚಿನ್ನದ ಬಳೆಗಳು ಬೋಧಿಯ ಕಡೆಗಿನ 13 ಮೆಟ್ಟಿಲು. ತುದಿಯಲ್ಲಿ ಕೊಡೆ. ಇಷ್ಟು ನೋಡಿದ ಮೇಲೆ ಒಂದು ವಿಷಯ ಖಚಿತವಾಗುತ್ತದೆ. ಸ್ತೂಪದ ವ್ಯಾಕರಣ ಪೂರ್ತಿ ಬೌದ್ಧರದು. ಅದರಲ್ಲಿ ಅರೆಬರೆ ಇಲ್ಲ. ಹಿಂದೂಗಳು ಇಲ್ಲಿಗೆ ಬರುವುದು ಅದನ್ನು ಬದಲಿಸಿ ಅಲ್ಲ, ತಮ್ಮ ಹೆಸರಿನಲ್ಲಿ ಓದಿಕೊಂಡು. ಇದು ಹೇಗೆ ಎಂದು ನೋಡಬೇಕಾದರೆ ಸ್ತೂಪದಿಂದ ಹತ್ತು ಹೆಜ್ಜೆ ಆಚೆಗಿನ ಪುಟ್ಟ ಗುಡಿಯ ಹತ್ತಿರ ಅರ್ಧ ಗಂಟೆ ನಿಲ್ಲಬೇಕು.

ಎರಡು ಮಾಡಿನ ಗುಡಿ, ಹೊಳೆಯುವ ತಾಮ್ರದ ಹೊದಿಕೆ. ದೇವಿಯ ಹೆಸರು ಹಾರೀತಿ. ಈ ಕಣಿವೆಯ ಹಳೆಯ ನಿವಾಸಿಗಳಾದ ನೇವಾರ್ ಜನ ಅಜಿಮಾ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅಜಿ ಅಂದರೆ ಅಜ್ಜಿ. ನಮ್ಮ ಕಿವಿಗೆ ಅಜ್ಜಿಯಮ್ಮ ಅಂದಂತೆಯೇ ಕೇಳಿಸುತ್ತದೆ. ನಾನು ಹೋದ ದಿನ ಸಾಲು ಇನ್ನೂ ಉದ್ದವಾಗಿರಲಿಲ್ಲ. ನನ್ನ ಮುಂದೆ ಒಬ್ಬ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ಹೆಗಲ ಮೇಲೆ ಮಗು, ಕಣ್ಣಿಗೆ ದಪ್ಪ ಕಾಡಿಗೆ, ತಲೆಗೆ ಉಣ್ಣೆ ಟೋಪಿ. ಪಕ್ಕದಲ್ಲಿ ಅತ್ತೆಯೋ ಅಮ್ಮನೋ, ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಕುಂಕುಮ, ಅಕ್ಕಿ, ಚೆಂಡುಹೂವು, ಬತ್ತಿ. ಒಂದು ಪಕ್ಕಕ್ಕೆ ಹಿಡಿ ಅವಲಕ್ಕಿ, ಅದರ ಮೇಲೆ ಬೇಯಿಸಿದ ಮೊಟ್ಟೆ. ಪೂಜಾರಿ ಮೊಟ್ಟೆಯನ್ನು ದೇವಿಗೆ ತೋರಿಸಿ, ಕುಂಕುಮದ ಅಕ್ಕಿ ತೆಗೆದು ಮಗುವಿನ ಹಣೆಗೆ ಒತ್ತಿದ. ಮಗು ಅಳಲಿಲ್ಲ. ಕೈ ಚಾಚಿ ತಟ್ಟೆಯ ಹೂವು ಹಿಡಿದುಕೊಂಡಿತು. ಆ ಅಜ್ಜಿ ನಕ್ಕರು, ಹೂವನ್ನು ಬಿಡಿಸಿಕೊಳ್ಳಲಿಲ್ಲ.

ಹಾರೀತಿ ಯಾರು? ಬೌದ್ಧರ ಕಥೆಯಲ್ಲಿ ಆಕೆ ರಾಜಗೃಹದ ಯಕ್ಷಿ. ತನಗೆ 500 ಮಕ್ಕಳಿದ್ದರೂ ಊರವರ ಮಕ್ಕಳನ್ನು ಕದ್ದು ತಿನ್ನುತ್ತಿದ್ದಳು. ಬುದ್ಧ ಆಕೆಯ ಕೊನೆಯ ಮಗುವನ್ನು ತನ್ನ ಭಿಕ್ಷಾಪಾತ್ರೆಯ ಕೆಳಗೆ ಬಚ್ಚಿಟ್ಟ. ಆಕೆ ಲೋಕವೆಲ್ಲ ಹುಡುಕಿ, ಅಳುತ್ತಾ ಬಂದಳು. ಐನೂರರಲ್ಲಿ ಒಂದು ಹೋದರೆ ನಿನಗೆ ಇಷ್ಟು ಸಂಕಟವಾದರೆ, ಒಂದೇ ಇದ್ದವರಿಗೆ ಎಷ್ಟಾಗಿರಬೇಡ ಎಂದು ಬುದ್ಧ ಕೇಳಿದ. ಅಂದಿನಿಂದ ಆಕೆ ಮಕ್ಕಳನ್ನು ಕಾಯುವವಳಾದಳು. ಆಕೆಗೆ ಊಟ ಹಾಕುವ ಭಾರ ಭಿಕ್ಷುಗಳದ್ದಾಯಿತು.

ಹಿಂದೂಗಳಿಗೆ ಇದೇ ದೇವಿ ಶೀತಲಾ, ಸಿಡುಬಿನ ಅಮ್ಮ. ನಮ್ಮಲ್ಲೂ ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಕಾಯಿಲೆ ಬಂದಿದೆ ಅನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಬೇವಿನ ಸೊಪ್ಪು ಕಟ್ಟುತ್ತೇವೆ, ಮಾರಮ್ಮನಿಗೆ ತಂಪು ಮಾಡುತ್ತೇವೆ. ಅದೇ ಭಯ, ಅದೇ ತಾಯಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ರಾಜ ರಣಬಹಾದುರ್ ಶಾಹ್ ತನ್ನ ಪ್ರೀತಿಯ ರಾಣಿ ಕಾಯಿಲೆಯಲ್ಲಿ ತೀರಿಕೊಂಡಾಗ ದುಃಖ, ಸಿಟ್ಟು ತಾಳಲಾರದೆ ಇಲ್ಲಿಯ ಹಳೆಯ ಮೂರ್ತಿಯನ್ನು ಒಡೆಸಿದ ಎಂದು ಹೇಳುತ್ತಾರೆ. ಈಗಿರುವುದು ಆಮೇಲೆ ಇಟ್ಟದ್ದಂತೆ. ಸಿಡುಬು ಭೂಮಿಯಿಂದಲೇ ಹೋಯಿತು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೆಂದು ಸಾರಿತು. ಅಜಿಮಾಳ ಮುಂದಿನ ಸಾಲು ಮಾತ್ರ ಕರಗಿಲ್ಲ. ಮಕ್ಕಳಿಗೆ ಜ್ವರ, ಕೆಮ್ಮು, ದೃಷ್ಟಿ ಇದ್ದೇ ಇದೆಯಲ್ಲ.

ಇನ್ನು ಪೂಜೆ ಮಾಡುವವರು ಯಾರು? ಬೆಟ್ಟದ ಮೇಲೆಯೇ ಮನೆ ಮಾಡಿಕೊಂಡಿರುವ ಬುದ್ಧಾಚಾರ್ಯರು ಎಂಬ ಬೌದ್ಧ ಮನೆತನದವರು. ವಾರದ ಪಾಳಿಯೋ ತಿಂಗಳ ಪಾಳಿಯೋ, ಪೂಜೆಯ ಹಕ್ಕು ಮನೆತನದ್ದೇ. ಅಂದರೆ ಪೂಜಾರಿ ಬೌದ್ಧ, ದೇವಿ ಇಬ್ಬರಿಗೂ ಸೇರಿದವಳು. ತಟ್ಟೆ ಹಿಡಿದು ಬಂದವರು ಯಾವ ಮನೆಯವರು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ನೇವಾರರಲ್ಲಿ ಯಾರು ಹಿಂದೂ, ಯಾರು ಬೌದ್ಧ? ಅವರಲ್ಲಿ ಶಿವಮಾರ್ಗಿ, ಬುದ್ಧಮಾರ್ಗಿ ಎಂಬ ಎರಡು ಹೆಸರಿವೆ. ಇದು ಯಾವ ದೇವರಿಗೆ ಕೈ ಮುಗಿಯುತ್ತಾರೆ ಎಂಬುದರ ಮೇಲೆ ನಿಂತಿಲ್ಲ. ಇಬ್ಬರೂ ಎಲ್ಲ ಕಡೆ ಕೈ ಮುಗಿಯುತ್ತಾರೆ. ಮನೆಯ ಮದುವೆಗೆ, ತಿಥಿಗೆ ಯಾವ ಪುರೋಹಿತರನ್ನು ಕರೆಯುತ್ತಾರೆ ಎಂಬುದೇ ಲೆಕ್ಕ. ಗುಭಾಜು ಬಂದರೆ ಬುದ್ಧಮಾರ್ಗಿ, ಬ್ರಾಹ್ಮಣ ದ್ಯಭಾಜು ಬಂದರೆ ಶಿವಮಾರ್ಗಿ. ಗುಭಾಜು ಅಂದರೆ ವಜ್ರಾಚಾರ್ಯ ಮನೆತನದ ಬೌದ್ಧ ಪುರೋಹಿತ. ಹೆಂಡತಿ ಮಕ್ಕಳಿರುವ ಸಂಸಾರಿ. ವಜ್ರಾಚಾರ್ಯ ಮತ್ತು ಶಾಕ್ಯ ಹುಡುಗರು ಚಿಕ್ಕವರಿದ್ದಾಗ ತಲೆ ಬೋಳಿಸಿ, ಕಾವಿ ಉಟ್ಟು ಭಿಕ್ಷುಗಳಾಗುತ್ತಾರೆ. ನಾಲ್ಕನೇ ದಿನ ಕಾವಿ ಬಿಚ್ಚಿಟ್ಟು ಮನೆಗೆ ಮರಳುತ್ತಾರೆ. ನಮ್ಮ ಉಪನಯನದಲ್ಲಿ ವಟು ಭಿಕ್ಷೆ ಬೇಡಿ, ಕಾಶಿಗೆ ಹೊರಟು, ತಿರುಗಿ ಮನೆಗೇ ಬರುವ ಹಾಗೆ. ಕಠ್ಮಂಡುವಿನ ಜೀವಂತ ದೇವಿ ಕುಮಾರಿಯೂ ಶಾಕ್ಯರ ಮನೆಯ, ಅಂದರೆ ಬೌದ್ಧರ ಹೆಣ್ಣುಮಗು. ಆಕೆಯಲ್ಲಿ ನೆಲೆಸುವವಳು ಹಿಂದೂ ರಾಜರ ಕುಲದೇವಿ ತಲೇಜು. ಇಷ್ಟು ತಿಳಿದರೆ "ಎರಡೂ" ಎಂಬ ಉತ್ತರದ ಒಳಗೇನಿದೆ ಎಂದು ಕಾಣುತ್ತದೆ. ಇದು ಕಲಸಿದ ಅನ್ನವಲ್ಲ. ಎಲೆಯ ಮೇಲೆ ಒಂದೊಂದಕ್ಕೂ ಒಂದೊಂದು ಜಾಗ ಇದೆ, ಬಡಿಸುವವರು ಯಾರು ಎಂಬುದೂ ಗೊತ್ತಿದೆ.

ಸ್ತೂಪದಿಂದ ಪಶ್ಚಿಮಕ್ಕೆ ಇಳಿದು ಇನ್ನೊಂದು ಸಣ್ಣ ದಿಣ್ಣೆ ಹತ್ತಿದರೆ ಮಂಜುಶ್ರೀಯ ಗುಡಿ ಸಿಗುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಮಂಜುಶ್ರೀ ಬೌದ್ಧರಿಗೆ ಜ್ಞಾನದ ಬೋಧಿಸತ್ವ, ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಪುಸ್ತಕ. ಹಿಂದೂಗಳಿಗೆ ಅದೇ ಗುಡಿ ಸರಸ್ವತಿಯದು. ವಸಂತ ಪಂಚಮಿಯ ದಿನ ಇಬ್ಬರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಮಕ್ಕಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಾರೆ. ಶೃಂಗೇರಿಯಲ್ಲೋ ಕೊಲ್ಲೂರಲ್ಲೋ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಡ್ಗ ಹಿಡಿದ ಗಂಡುದೇವರು ವೀಣೆ ಹಿಡಿದ ಹೆಣ್ಣುದೇವರು ಹೇಗಾದ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಗುವಿಗೆ ವಿದ್ಯೆ ಬರಬೇಕು, ಅಷ್ಟೇ.

ಸ್ತೂಪದ ಸುತ್ತ ಐದು ಪುರಗಳೂ ಇವೆ: ವಸುಪುರ, ವಾಯುಪುರ, ಅಗ್ನಿಪುರ, ನಾಗಪುರ, ಶಾಂತಿಪುರ. ಭೂಮಿ, ಗಾಳಿ, ಬೆಂಕಿ, ನೀರು, ಆಕಾಶ. ಪಂಚಭೂತಗಳಿಗೆ ಒಂದೊಂದು ಗುಡಿ. ಕೆಲವು ಬರೀ ಒಂದು ಕಲ್ಲು, ಮೇಲೆ ಕುಂಕುಮ. ಶಾಂತಿಪುರದ ಒಳಬಾಗಿಲು ಸದಾ ಮುಚ್ಚಿರುತ್ತದೆ. ಶಾಂತಿಕರಾಚಾರ್ಯ ಇನ್ನೂ ಒಳಗೆ ಧ್ಯಾನದಲ್ಲಿದ್ದಾನೆ ಎಂಬ ನಂಬಿಕೆ. 1658ರಲ್ಲಿ ಮಳೆ ಕೈಕೊಟ್ಟಾಗ ಪ್ರತಾಪ ಮಲ್ಲ ಆ ಬಾಗಿಲು ದಾಟಿ, ನಾಗರ ರಕ್ತದಲ್ಲಿ ಬರೆದ ಮಂಡಲವನ್ನು ಹೊರಗೆ ತಂದು ಮಳೆ ತರಿಸಿದ ಎಂದು ಕಥೆ. ನಮ್ಮ ಕರಾವಳಿಯ ನಾಗಮಂಡಲ ನೋಡಿದವರು ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಹೋಗಲಾರರು.

ಇಷ್ಟೆಲ್ಲ ಹೇಳಿ, ಇಲ್ಲಿ ಎಲ್ಲವೂ ಸುಗಮವಾಗಿತ್ತು ಅಂದರೆ ತಪ್ಪಾಗುತ್ತದೆ. ರಾಜರು ಹಿಂದೂಗಳು. ಕಾನೂನು ಅವರದು. 1854ರ ಮುಲುಕಿ ಐನ್ ಎಂಬ ಸಂಹಿತೆ ದೇಶದ ಎಲ್ಲರನ್ನೂ ಜಾತಿಯ ಏಣಿಯಲ್ಲಿ ಕೂರಿಸಿತು. ಬೌದ್ಧರಿಗೂ ಅದರಿಂದ ಬಿಡುಗಡೆ ಇರಲಿಲ್ಲ. 1944ರಲ್ಲಿ ಥೇರವಾದ ಎಂಬ, ಶ್ರೀಲಂಕಾದ ಕಡೆಯ ಬೌದ್ಧ ಪಂಥದ ಕಾವಿ ಉಟ್ಟ ಎಂಟು ಭಿಕ್ಷುಗಳನ್ನು ಆಗ ಅಧಿಕಾರ ನಡೆಸುತ್ತಿದ್ದ ರಾಣಾ ಮನೆತನದ ಸರ್ಕಾರ ದೇಶದಿಂದಲೇ ಹೊರಗೆ ಹಾಕಿತು. ಹಬ್ಬ, ಗುಡಿ, ಮೆರವಣಿಗೆ ಇದ್ದರೆ ಸರ್ಕಾರಕ್ಕೆ ತೊಂದರೆ ಇರಲಿಲ್ಲ. ಬೀದಿಯಲ್ಲಿ ನಿಂತು ಜನರಿಗೆ ಧರ್ಮ ಬೋಧಿಸುವುದು, ಹೊಸಬರನ್ನು ಭಿಕ್ಷುಗಳನ್ನಾಗಿ ಮಾಡುವುದು ಬೇಡವಾಗಿತ್ತು. ಆ ಭಿಕ್ಷುಗಳು ಸಾರನಾಥದಲ್ಲಿ ಸೇರಿ ಧರ್ಮೋದಯ ಸಭೆ ಕಟ್ಟಿದರು. ಶ್ರೀಲಂಕಾದ ನಾರದ ಮಹಾಥೇರರ ನಿಯೋಗ ಬಂದು ಕೇಳಿಕೊಂಡ ಮೇಲೆ, 1946ರಲ್ಲಿ ಅವರಿಗೆ ಮರಳಲು ಅವಕಾಶ ಸಿಕ್ಕಿತು. ಅವರ ಆನಂದಕುಟಿ ವಿಹಾರ ಇದೇ ಬೆಟ್ಟದ ಇಳಿಜಾರಿನಲ್ಲಿದೆ. ಇಳಿಯುವಾಗ ಹತ್ತು ನಿಮಿಷ ಅಲ್ಲಿ ಕೂರಿ. ಒಟ್ಟಿಗೆ ಬಾಳುವುದು ಒಂದು ಮಾತು, ಸರಿಸಮಾನವಾಗಿ ಬಾಳುವುದು ಇನ್ನೊಂದು. ನೇಪಾಳದ ಬೌದ್ಧರು ಈ ಎರಡನೆಯದಕ್ಕಾಗಿ ಬಹಳ ಕಾಲ ಕಾದಿದ್ದಾರೆ.

ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಆರರ ಒಳಗೆ ಮೇಲಿರಿ. ಆಗ ಅಲ್ಲಿ ಪ್ರವಾಸಿಗರಿಗಿಂತ ಊರವರೇ ಜಾಸ್ತಿ. ಗುಂಲಾ ಎಂಬ ಚಾಂದ್ರಮಾಸ ಸುಮಾರಾಗಿ ಆಗಸ್ಟ್‌ನಲ್ಲಿ ಬರುತ್ತದೆ. ಆ ತಿಂಗಳು ಪೂರ್ತಿ ನೇವಾರ್ ಬೌದ್ಧರು ನಸುಕಿನಲ್ಲೇ ಡೋಲು, ತಾಳ ಹಿಡಿದು ಓಣಿ ಓಣಿಯಿಂದ ಬೆಟ್ಟಕ್ಕೆ ಬರುತ್ತಾರೆ. ಮಳೆಗಾಲ, ಮೆಟ್ಟಿಲು ಜಾರುತ್ತದೆ, ಆದರೂ ಆ ಸದ್ದು ಕೇಳಲು ಹೋಗಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು ಬೇಡ, ಮಂಗಗಳು ಬಿಡುವುದಿಲ್ಲ. ಮಂಜುಶ್ರೀಯ ತಲೆಯ ಹೇನುಗಳೇ ಈ ಮಂಗಗಳಾದವು ಎಂದು ಅಲ್ಲಿಯ ಅಜ್ಜಿಯರು ಹೇಳುತ್ತಾರೆ, ಹಾಗಾಗಿ ಕಲ್ಲು ಹೊಡೆಯಬೇಡಿ. ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಅಜಿಮಾಳ ಬಾಗಿಲಲ್ಲಿ ಫೋಟೊ ಬೇಡ.

ಕನ್ನಡದವರಿಗೆ ಈ ಕಣಿವೆ ತೀರಾ ಪರಸ್ಥಳವೂ ಅಲ್ಲ. ಪಶುಪತಿನಾಥನ ಪೂಜೆಗೆ ದಕ್ಷಿಣದಿಂದ ಹೋದ ಭಟ್ಟರಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. ಆ ಪಶುಪತಿ ಲಿಂಗಕ್ಕೂ ವರ್ಷಕ್ಕೊಮ್ಮೆ ಬುದ್ಧನ ಕಿರೀಟ ತೊಡಿಸುವ ಪದ್ಧತಿ ಇದೆ. ಮಿಥಿಲೆಯಲ್ಲಿ 1097ರಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ಕರ್ಣಾಟ ವಂಶದವನು. ಆ ವಂಶದ ಹರಿಸಿಂಹದೇವ ತನ್ನ ಕುಲದೇವಿ ತಲೇಜುವನ್ನು ನೇಪಾಳಕ್ಕೆ ತಂದ ಎಂದು ಮುಂದಿನ ಮಲ್ಲ ರಾಜರು ಹೇಳಿಕೊಂಡರು.

ಇವೆಲ್ಲಕ್ಕಿಂತ ಹತ್ತಿರದ ಕೊಂಡಿ ಮಂಗಳೂರಿನ ಕದ್ರಿಯಲ್ಲಿದೆ. ಅಲ್ಲಿಯ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಗಳ ಒಂದು ಕಂಚಿನ ಲೋಕೇಶ್ವರ, ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ, ಕೂತಿದ್ದಾನೆ. ಪೀಠದ ಶಾಸನದ ಪ್ರಕಾರ ಕ್ರಿ.ಶ. 968ರಲ್ಲಿ ಆಳುಪ ರಾಜ ಕುಂದವರ್ಮ ಅವನನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ. ಅದೇ ಶಾಸನ ಆ ರಾಜನನ್ನು ಶಿವನ ಪಾದದ ದುಂಬಿ ಎಂದು ಕರೆಯುತ್ತದೆ. ವಿಹಾರ ಬೌದ್ಧರದು, ರಾಜ ಶಿವಭಕ್ತ. ಮಂಜುನಾಥ ಎಂಬ ಹೆಸರೇ ಮಂಜುಶ್ರೀಯಿಂದ ಬಂದಿರಬೇಕು ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಅದೇ ಗುಡಿಯಲ್ಲಿ ನಾಥ ಪಂಥದ ಗುರುಗಳಾದ ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳಿವೆ. ಮೇಲೆ ಗುಡ್ಡದಲ್ಲಿ ನಾಥ ಜೋಗಿಗಳ ಮಠ.

ಇತ್ತ ಕಠ್ಮಂಡು ಕಣಿವೆಯ ಪಾಟನ್‌ನಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಮಳೆ ಕೊಡುವ ಕೆಂಪು ದೇವರ ರಥ ಎಳೆಯುತ್ತಾರೆ. ತೇರಿನಲ್ಲಿ ಕೂತವನನ್ನು ಬೌದ್ಧರು ಲೋಕೇಶ್ವರ ಎನ್ನುತ್ತಾರೆ, ಹಿಂದೂಗಳು ಮತ್ಸ್ಯೇಂದ್ರನಾಥ ಎನ್ನುತ್ತಾರೆ. ಮೂರ್ತಿ ಒಂದೇ. ಕದ್ರಿಯಲ್ಲಿ ಆ ಎರಡು ಹೆಸರಿಗೂ ಬೇರೆ ಬೇರೆ ಮೂರ್ತಿ ಇದೆ, ಗುಡಿ ಒಂದೇ. ಸ್ವಯಂಭು ನೋಡಿ ಬಂದ ಮೇಲೆ ನಾನು ಕದ್ರಿಗೆ ಹೋದೆ. ಲೋಕೇಶ್ವರನ ಮುಂದೆ ದೀಪ ಉರಿಯುತ್ತಿತ್ತು, ಕಂಚಿನ ಮೇಲೆ ಮಲ್ಲಿಗೆ ಹಾರ. ಪಕ್ಕದಲ್ಲಿ ಒಬ್ಬ ತಾಯಿ ಮಗುವಿಗೆ ಕೈ ಜೋಡಿಸುವುದನ್ನು ಕಲಿಸುತ್ತಿದ್ದಳು.